ಮಕ್ಕಳ ಕೈಗೆ ಗಾಳ ಕೊಡಿ



ದಸರಾ ರಜೆ ಬಂದಿದೆ. ಮಳೆಗಾಲವಿಡೀ ಕೆಂಪಗೆ ಕದಡಿ ಹರಿಯುತ್ತಿದ್ದ ನಮ್ಮ ಹೊಳೆಗಳು ತಿಳಿಯಾಗುತ್ತಿವೆ. ಕಡಲಿನ ಅಬ್ಬರ ಇಳಿದಿದೆ. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದ ಮಕ್ಕಳು, ಮೊಮ್ಮಕ್ಕಳು ಊರಿಗೆ ಬರುವ ಹೊತ್ತು ಇದು. ಬಂದವರನ್ನು ಒಂದು ಸಂಜೆ ಬೀಚಿಗೆ ಕರೆದುಕೊಂಡು ಹೋಗುತ್ತೇವೆ. ಕಾಲು ಒದ್ದೆ ಮಾಡಿಕೊಂಡು, ಚುರುಮುರಿ ತಿಂದು, ನಾಲ್ಕು ಫೋಟೊ ತೆಗೆದುಕೊಂಡು ಮನೆಗೆ ಮರಳುತ್ತೇವೆ. ಕಡಲು ನೋಡಿದ್ದಾಯಿತು ಎಂದುಕೊಳ್ಳುತ್ತೇವೆ.

ಇವತ್ತು ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ತಿರುಗಾಟದ ವಿಷಯ. ಅಪ್ಪ, ಅಮ್ಮ, ಅಜ್ಜ, ಮಕ್ಕಳು ಎಲ್ಲ ಒಟ್ಟಾಗಿ ಗಾಳ ಹಿಡಿದುಕೊಂಡು ಉಪ್ಪುನೀರಿನ ಬದಿಗೆ ಹೋಗುವುದು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಶುರುಮಾಡಿ, ಆಮೇಲೆ ತೆರೆ ಬಡಿಯುವ ದಂಡೆ, ಆಮೇಲೆ ದೋಣಿಯಲ್ಲಿ ಹತ್ತಿರದ ಕಡಲು, ಮಕ್ಕಳು ಬೆಳೆದ ಮೇಲೆ ಆಳದ ಕಡಲು, ಹೀಗೆ ವರ್ಷ ವರ್ಷವೂ ಒಂದೊಂದು ಹೆಜ್ಜೆ ಮುಂದೆ ಹೋಗುವುದು. ಕರಾವಳಿಯ ಇವತ್ತಿನ ಮಕ್ಕಳಿಗೆ ಅಂಜಲ್ ಕಿಲೋಗೆ ಎಷ್ಟು ಎಂಬುದು ಗೊತ್ತು. ಅಂಜಲ್ ಏನು ತಿಂದು ಬದುಕುತ್ತದೆ ಎಂಬುದು ಗೊತ್ತಿಲ್ಲ. ದಿನಾ ಮೀನು ತಿನ್ನುವ ಮನೆಗಳಲ್ಲೇ ಕಡಲಿನ ತಿಳಿವಳಿಕೆ ಒಂದು ತಲೆಮಾರಿನೊಳಗೆ ತೆಳುವಾಗಿಬಿಟ್ಟಿದೆ. ಅದನ್ನು ಮರಳಿ ತರಲು ಗಾಳದಷ್ಟು ಒಳ್ಳೆಯ ಸಾಧನ ನನಗೆ ಬೇರೆ ಕಾಣುವುದಿಲ್ಲ. ಆದರೆ ಮೀನು ಹಿಡಿಯುವುದನ್ನು ಕಲಿಸುವವರು ಬಿಡುವುದನ್ನೂ ಕಲಿಸಬೇಕು. ಎರಡನ್ನೂ ಜೊತೆಜೊತೆಯಾಗಿ ಹೇಳುತ್ತೇನೆ.

ನಮ್ಮ ರಾಜ್ಯದ ಕರಾವಳಿ ಸುಮಾರು 320 ಕಿಲೋಮೀಟರು. ಇಷ್ಟರಲ್ಲೇ ಎಷ್ಟೊಂದು ಅಳಿವೆಗಳಿವೆ ನೋಡಿ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಒಟ್ಟಾಗಿ ಕಡಲು ಸೇರುತ್ತವೆ. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ. ಕೋಡಿಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ. ಗಂಗೊಳ್ಳಿಯ ಬಳಿ ಐದು ಹೊಳೆ ಕೂಡಿದ ಪಂಚಗಂಗಾವಳಿ. ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ, ಕಾರವಾರದಲ್ಲಿ ಕಾಳಿ. ಸಿಹಿನೀರು ಉಪ್ಪುನೀರು ಬೆರೆಯುವ ಈ ಜಾಗಗಳಲ್ಲಿ ಮೀನಿಗೆ ಆಹಾರ ಹೇರಳ. ದಂಡೆಯ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಸಿಗಡಿ, ಏಡಿ, ಕೆಂಬೇರಿ ಮರಿಗಳು ಬೆಳೆಯುತ್ತವೆ. ಕಡಲಿಗೆ ಇಳಿಯುವ ಮುನ್ನ ಎಷ್ಟೋ ಜಾತಿಯ ಮೀನುಗಳು ಬಾಲ್ಯ ಕಳೆಯುವುದು ಇಲ್ಲೇ. ಅಘನಾಶಿನಿಯ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ರಾಮ್‌ಸಾರ್ ಮಾನ್ಯತೆ ಸಿಕ್ಕಿತು. ಅಲೆಗಳ ಹೊಡೆತ ಕಡಿಮೆ ಇರುವ ಈ ನೀರು ಚಿಕ್ಕ ಮಕ್ಕಳಿಗೆ ಮೊದಲ ಪಾಠಶಾಲೆ ಆಗಬಲ್ಲದು.

ಮೊದಲ ಪಾಠ ನೀರಿನ ಏರಿಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತು ಬೆಳಗ್ಗೆ ಎಂಟಕ್ಕೆ ಉಬ್ಬರ ತುಂಬಿದರೆ ನಾಳೆ ಸುಮಾರು ಐವತ್ತು ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಸಪ್ಪೆ. ಮಂಗಳೂರಿನ ಕಡೆ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಒಂದೂವರೆ ಮೀಟರಿನ ಅಂತರ, ಕಾರವಾರದ ಕಡೆ ಸುಮಾರು ಎರಡು ಮೀಟರು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇದೇ ಅಂತರ ಹತ್ತು ಮೀಟರು ದಾಟುತ್ತದೆ. ಪಂಚಾಂಗದ ತಿಥಿ ನೋಡಿ ನೀರಿನ ಹೊತ್ತು ಹೇಳುವ ಹಿರಿಯರು ನಮ್ಮ ಮೀನುಗಾರರ ಕೇರಿಗಳಲ್ಲಿ ಈಗಲೂ ಇದ್ದಾರೆ. ಅಂಥವರ ಬಳಿ ಮಗುವನ್ನು ಕೂರಿಸಿ. ನೀರು ನಿಂತಾಗ ಮೀನು ಕಚ್ಚುವುದು ಕಡಿಮೆ, ನೀರು ಓಡುವಾಗ ಹೆಚ್ಚು. ಹರಿವಿನ ಜೊತೆ ಸಣ್ಣ ಮೀನು, ಸಿಗಡಿ ಬರುತ್ತವೆ, ಅವುಗಳ ಬೆನ್ನಿಗೆ ದೊಡ್ಡ ಮೀನು ಬರುತ್ತದೆ. ಈ ಒಂದು ಸಂಗತಿ ತಲೆಗೆ ಹೋದರೆ ಮಗು ಕಡಲನ್ನು ಓದಲು ಶುರುಮಾಡಿದ ಹಾಗೆ.

ಸಾಮಾನು ಹೆಚ್ಚೇನೂ ಬೇಡ. ಸಾವಿರಾರು ರೂಪಾಯಿಯ ರಾಡು, ರೀಲು ಮೊದಲ ದಿನವೇ ತರಬೇಡಿ. ಒಂದು ತುಂಡು ಮರಕ್ಕೋ ಖಾಲಿ ಬಾಟಲಿಗೋ ಸುತ್ತಿದ ತಂಗೂಸು, ಭಾರಕ್ಕೆ ಒಂದು ಸಣ್ಣ ಕಬ್ಬಿಣದ ನಟ್ಟು, ಚಿಕ್ಕ ಗಾಳ, ಎರೆಗೆ ಒಂದು ಹಿಡಿ ಸಿಗಡಿ, ಇಷ್ಟು ಸಾಕು. ಸಿಗಡಿ ಸಿಗದಿದ್ದರೆ ಬೊಂಡಾಸಿನ ತುಂಡು ಆದೀತು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿನ ಬಾಯಿಂದ ತೆಗೆಯುವುದು ಸುಲಭ, ಮಗುವಿನ ಬೆರಳಿಗೆ ಚುಚ್ಚಿದರೂ ತೆಗೆಯುವುದು ಸುಲಭ.

ಹಂಗಾರಕಟ್ಟೆಯ ಕಡೆಯ ದಂಡೆಯಲ್ಲಿ ನಾನು ಕಂಡದ್ದೊಂದನ್ನು ಹೇಳುತ್ತೇನೆ. ಬೆಳಗಿನ ಹೊತ್ತು, ನೀರು ಏರುತ್ತಿತ್ತು. ಊರಿಗೆ ರಜೆಗೆ ಬಂದಿದ್ದ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕೈಯಲ್ಲಿ ತಂಗೂಸು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಹಿರಿಯ ಮೀನುಗಾರರೊಬ್ಬರು ಕಣ್ಣಂಚಿನಲ್ಲೇ ನೋಡುತ್ತಿದ್ದರು. ತಂಗೂಸು ಟಕ್ ಟಕ್ ಎಂದು ಎರಡು ಸಲ ಅಲುಗಿತು. ಹುಡುಗಿ ಗಾಬರಿಯಲ್ಲಿ ಎಳೆಯಲು ಹೋದಳು. “ಅವ್ಸ್ರ ಮಾಡ್ಬೇಡ ಮಗಾ, ಅದ್ ಬಾಯಿಗ್ ಹಾಕ್ಕಣ್ಲಿ, ಕಡಿಕ್ ಎಳಿ” ಎಂದರು ಅವರು. ಮೂರನೆಯ ಸಲ ತಂಗೂಸು ಬಿಗಿಯಾಯಿತು. ಎಳೆದಾಗ ಬಂದದ್ದು ಒಂದು ಕಾಣೆ. ಗೇಣುದ್ದದ ಸಪೂರ ಮೈ, ಮರಳಿನದೇ ಬಣ್ಣ, ಬಿಸಿಲಿಗೆ ಹಿಡಿದರೆ ಬೆಳ್ಳಿಯ ಹೊಳಪು, ಮೂತಿ ಚೂಪು, ಬಾಯಿ ಬಲು ಚಿಕ್ಕದು. “ಅಜ್ಜಯ್ಯ, ಇದು ಮರಳಿನ ಹಾಗೇ ಇದೆಯಲ್ಲ?” ಎಂದಳು ಹುಡುಗಿ. ಅವರು ನಕ್ಕು, ಬಲೆ ಹತ್ತಿರ ಬಂದರೆ ಅದು ಮರಳಿನೊಳಗೇ ಹುಗಿದುಕೊಳ್ಳುತ್ತದೆ ಎಂಬುದನ್ನು ಅಂಗೈ ಮರಳಿಗೆ ಒತ್ತಿ ತೋರಿಸಿಕೊಟ್ಟರು. ಹೋಟೆಲಿನಲ್ಲಿ ಕಾಣೆಯ ರವಾ ಫ್ರೈ ತಿಂದ ಮಕ್ಕಳು ಲಕ್ಷ ಇದ್ದಾರು. ಆ ಮೀನಿಗೆ ಆ ಬಣ್ಣ ಯಾಕೆ, ಬಾಯಿ ಯಾಕೆ ಅಷ್ಟು ಚಿಕ್ಕದು ಎಂದು ಕೈಯಲ್ಲಿ ಹಿಡಿದು ತಿಳಿದವಳು ಆ ದಿನ ಆ ದಂಡೆಯಲ್ಲಿದ್ದಳು.

ಅಳಿವೆಯಲ್ಲಿ ಎಚ್ಚರ ಬೇಕಾದ ಮೀನುಗಳೂ ಇವೆ. ತೇಡೆ ಮೀನಿನ ಬೆನ್ನಿನ ಮೇಲೊಂದು, ಎರಡು ಪಕ್ಕದಲ್ಲಿ ಎರಡು ಮುಳ್ಳುಗಳಿವೆ; ಚುಚ್ಚಿದರೆ ವಿಷದ ಉರಿ ಗಂಟೆಗಟ್ಟಲೆ ಇರುತ್ತದೆ. ತೊರಕೆಯ ಬಾಲದ ಮುಳ್ಳೂ ಹಾಗೆಯೇ. ಚುಚ್ಚಿದ ಭಾಗವನ್ನು ತಾಳಿಕೊಳ್ಳಬಹುದಾದಷ್ಟು ಬಿಸಿನೀರಿನಲ್ಲಿ ಇಟ್ಟರೆ ನೋವು ತಗ್ಗುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ, ಬಾವು ಏರಿದರೆ ವೈದ್ಯರ ಬಳಿಗೆ ಹೋಗಲೇಬೇಕು. ಇದೇ ತೇಡೆಯಲ್ಲಿ ಒಂದು ಸೋಜಿಗವಿದೆ. ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು, ಮರಿಯಾಗುವ ತನಕ ಉಪವಾಸವಿದ್ದು ಕಾಯುತ್ತದೆ. ಮಕ್ಕಳಿಗೆ ಮುಳ್ಳಿನ ಹೆದರಿಕೆ ಹೇಳುವಾಗ ಈ ತಂದೆಯ ಕತೆಯನ್ನೂ ಹೇಳಿ. ಇನ್ನು, ಮೇಲೆ ತೆಗೆದೊಡನೆ ಹೊಟ್ಟೆ ಉಬ್ಬಿಸಿಕೊಂಡು ಚೆಂಡಾಗುವ ಮೀನು ಬಂದರೆ ಹಾಗೇ ನೀರಿಗೆ ಬಿಡಿ. ಅದರ ವಿಷ ಜೀವ ತೆಗೆಯುವಂಥದು, ಬೇಯಿಸಿದರೂ ಹೋಗುವುದಿಲ್ಲ.

ಎರಡನೆಯ ಹೆಜ್ಜೆ ತೆರೆ ಬಡಿಯುವ ದಂಡೆ ಮತ್ತು ಅಳಿವೆ ಬಾಯಿಯ ಕಲ್ಲಿನ ತಡೆಗೋಡೆ. ಇಲ್ಲಿಗೆ ರಾಡು, ರೀಲು ಬೇಕಾಗುತ್ತದೆ. ಇಲ್ಲಿ ಸಿಗುವ ಮೀನುಗಳೂ ಗಟ್ಟಿಗರು. ಕಲ್ಲಿನ ಸಂದಿಯಲ್ಲಿ ಕೆಂಬೇರಿ, ಮುರು. ಮುಂಜಾನೆ, ಮುಸ್ಸಂಜೆಗಳಲ್ಲಿ ಬೇಟೆಗೆ ಹೊರಡುವ ಕುರುಡಿ. ಸೀಬಾಸ್ ಎಂದು ಪೇಟೆಯವರೂ, ಚೊಣಕ್ ಎಂದು ಕಾರವಾರದ ಕೊಂಕಣಿಗರೂ ಕರೆಯುವ ಮೀನೇ ಈ ಕುರುಡಿ. ಬದುಕಿನ ಮೊದಲ ವರ್ಷಗಳಲ್ಲಿ ಅದು ಗಂಡು. ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮೊಟ್ಟೆ ಇಡಲು ಹೊಳೆಯಿಂದ ಅಳಿವೆಯ ಬಾಯಿಗೆ ಇಳಿದುಬರುತ್ತದೆ. ಅಂದರೆ ಕಲ್ಲಿನ ಮೇಲೆ ನಿಂತು ನಾವು ಎಳೆದು ಹೆಮ್ಮೆಯಿಂದ ಎತ್ತಿ ಹಿಡಿಯುವ ಭಾರಿ ಕುರುಡಿ ಬಹುಪಾಲು ಲಕ್ಷಗಟ್ಟಲೆ ಮೊಟ್ಟೆ ಇಡುವ ತಾಯಿ. ಮುರುವಿನದು ಇದಕ್ಕೆ ತಿರುಗುಮುರುಗು. ಅದು ಮೊದಲು ಹೆಣ್ಣು, ಆಮೇಲೆ ಗಂಡು. ಹಾಗಾಗಿ ದೊಡ್ಡವನ್ನೆಲ್ಲ ಹಿಡಿದು ಮುಗಿಸಿದರೆ ಒಂದು ಜಾತಿಯಲ್ಲಿ ತಾಯಂದಿರು ಕಡಿಮೆ, ಇನ್ನೊಂದರಲ್ಲಿ ತಂದೆಯರು ಕಡಿಮೆ. ಮರಿಗಳನ್ನು ಬಿಡಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಬಲು ದೊಡ್ಡದನ್ನೂ ಬಿಡಬೇಕು ಎಂಬುದನ್ನು ಹವ್ಯಾಸಿಗಳು ಇನ್ನೂ ಒಪ್ಪಬೇಕಾಗಿದೆ. ನಡುವಿನ ಗಾತ್ರದ್ದು ಒಂದೆರಡು ಮನೆಗೆ ಸಾಕು. ಬಿಡುವಾಗ ಕೈ ಒದ್ದೆ ಮಾಡಿಕೊಳ್ಳಿ, ಮೀನನ್ನು ಮರಳಿನ ಮೇಲೆ ಹೊರಳಾಡಿಸಬೇಡಿ, ನೀರಿನಲ್ಲಿ ಹಿಡಿದುಕೊಂಡು ಅದು ತಾನಾಗಿ ಈಜಿಹೋಗುವ ತನಕ ಕಾಯಿರಿ.

ತಡೆಗೋಡೆಯ ಕಲ್ಲುಗಳ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಚಿಕ್ಕ ಮಕ್ಕಳನ್ನು ಅಲ್ಲಿಗೆ ಒಯ್ಯಬೇಡಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ. ಕಡಲಿನ ಅಲೆಗಳು ಒಂದೇ ಎತ್ತರದವಲ್ಲ. ಹತ್ತು ನಿಮಿಷ ಸಣ್ಣ ಅಲೆಗಳು ಬಂದು, ಆಮೇಲೆ ಒಮ್ಮೆಲೇ ದೊಡ್ಡವು ಸಾಲಾಗಿ ಬರುತ್ತವೆ. ನಮ್ಮಲ್ಲಿ ಗಾಳಿಯೇ ಇಲ್ಲದ ದಿನವೂ ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರು ಸಾಗಿ ಬಂದು ನಮ್ಮ ದಂಡೆಗೆ ಬಡಿಯುವುದುಂಟು. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ, ಅಂದರೆ ಇನ್‌ಕಾಯಿಸ್, ಇಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆಯ ಎಚ್ಚರಿಕೆ ಬಾನುಲಿಯಲ್ಲೂ ಬರುತ್ತದೆ. ಅದನ್ನು ಕೇಳದೆ ಮನೆಯಿಂದ ಹೊರಡಬೇಡಿ. ಒಬ್ಬೊಬ್ಬರೇ ಹೋಗಬೇಡಿ. ಯಾರಾದರೂ ನೀರಿಗೆ ಬಿದ್ದು ಸೆಳೆತಕ್ಕೆ ಸಿಕ್ಕಿದರೆ ದಡಕ್ಕೆ ನೇರವಾಗಿ ಈಜಿ ದಣಿಯಬಾರದು, ದಂಡೆಗೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿ.

ಮೂರನೆಯ ಹೆಜ್ಜೆ ದೋಣಿ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ದಡದಿಂದ ಬಹು ದೂರ ಹೋಗದೆಯೂ ಬಂಗುಡೆಯ ಗುಂಪು ಸಿಗುತ್ತದೆ. ಒಂದೇ ದಾರಕ್ಕೆ ಐದಾರು ಸಣ್ಣ ಗಾಳ ಕಟ್ಟಿ, ಗಾಳಕ್ಕೆ ಬಿಳಿ ನೂಲಿನ ಎಳೆಯನ್ನೋ ಗರಿಯನ್ನೋ ಸುತ್ತಿ ಇಳಿಬಿಟ್ಟು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಸಾಕು. ಗುಂಪು ಕೆಳಗೆ ಬಂದಾಗ ಒಂದೇ ಎಳೆತಕ್ಕೆ ಮೂರು ನಾಲ್ಕು ಬಂಗುಡೆ ಮಿಂಚುತ್ತ ಮೇಲೆ ಬರುತ್ತವೆ. ಮಕ್ಕಳ ಕಿರುಚಾಟ ದಡಕ್ಕೂ ಕೇಳೀತು.

ಇಂಥ ಹೊತ್ತಿನಲ್ಲಿ ಎರಡು ಮಾತು ನೆನಪಿರಲಿ. ಒಂದು, ಲೈಫ್ ಜಾಕೆಟ್. ದೋಣಿಯಲ್ಲಿ ಇದೆ ಎಂದರೆ ಸಾಲದು, ಮೈಮೇಲೆ ಇರಬೇಕು, ಮಕ್ಕಳ ಅಳತೆಯದೇ ಇರಬೇಕು, ಈಜು ಬಲ್ಲವರಿಗೂ ಇರಬೇಕು. ಜನರನ್ನು ಕರೆದೊಯ್ಯಲು ಪರವಾನಗಿ ಇರುವ ದೋಣಿಯನ್ನೇ ಹಿಡಿಯಿರಿ. ಇನ್ನೊಂದು, ಐಸು. ಬಂಗುಡೆ, ಬೂತಾಯಿ, ಅಂಜಲ್, ಕೇದರ ಎಂಬ ಟ್ಯೂನಾ, ಇವನ್ನೆಲ್ಲ ಬಿಸಿಲಿನಲ್ಲಿ ಬಿಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಕೂಡಿಕೊಳ್ಳುತ್ತದೆ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಎಷ್ಟು ಬೇಯಿಸಿದರೂ, ಎಷ್ಟು ಹುಳಿ ಖಾರ ಹಾಕಿದರೂ ಅದು ಹೋಗದು. ಆದ್ದರಿಂದ ಐಸಿನ ಪೆಟ್ಟಿಗೆ ಇಲ್ಲದೆ ದೋಣಿ ಹತ್ತಬೇಡಿ. ಪೆಟ್ಟಿಗೆ ಚಿಕ್ಕದೇ ಇರಲಿ. ಅದು ತುಂಬಿದೊಡನೆ ಗಾಳ ಮೇಲೆತ್ತುವುದು ಎಂದು ಮನೆಯಲ್ಲೇ ಮಾತಾಡಿಕೊಂಡು ಹೊರಟರೆ ದುರಾಸೆಗೂ ಒಂದು ಕಡಿವಾಣ ಬೀಳುತ್ತದೆ.

ನಾಲ್ಕನೆಯದು ಆಳದ ಕಡಲು. ದಡ ಕಣ್ಮರೆಯಾಗುವ ಈ ತಿರುಗಾಟ ಚೆನ್ನಾಗಿ ಈಜು ಬಲ್ಲ, ಹೇಳಿದ ಮಾತು ಕೇಳುವ ವಯಸ್ಸಿಗೆ ಬಂದ ಮಕ್ಕಳಿಗೆ ಮಾತ್ರ. ಹಿಂದಿನ ರಾತ್ರಿ ನಿದ್ದೆ, ಬೆಳಗ್ಗೆ ಎರಡು ಇಡ್ಲಿ, ಜೊತೆಗೆ ಒಂದು ತುಂಡು ಶುಂಠಿ. ಹೊಟ್ಟೆ ತೊಳಸಿದರೆ ದೋಣಿಯ ನಡುಭಾಗದಲ್ಲಿ ಕೂತು ದೂರದ ದಿಗಂತ ನೋಡಬೇಕು, ಮೊಬೈಲು ನೋಡಬಾರದು. ಓಡುವ ದೋಣಿಯ ಹಿಂದೆ ಗಾಳ ಎಳೆದರೆ ಅಂಜಲ್, ಕೇದರ ಬೆನ್ನಟ್ಟಿ ಬರುತ್ತವೆ. ಅಂಜಲಿನ ಹಲ್ಲು ಕತ್ತರಿಯ ಹಾಗೆ. ಗಾಳದ ಬುಡಕ್ಕೆ ಉಕ್ಕಿನ ತಂತಿ ಕಟ್ಟದಿದ್ದರೆ ತಂಗೂಸು ಉಳಿಯುವುದಿಲ್ಲ. ಅದು ಕಚ್ಚಿ ಓಡುವಾಗ ರೀಲು ಕಿರ್ರೆಂದು ಕೂಗುವ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಊಟದ ಮೇಜಿನ ಮೇಲೆ ವೃತ್ತಾಕಾರದ ತುಂಡಾಗಿ ಕಂಡ ಅಂಜಲ್, ಕಡಲಿನಲ್ಲಿ ಎಂಥ ಓಟಗಾರ, ಬೂತಾಯಿಯ ಗುಂಪುಗಳನ್ನು ಹೇಗೆ ಅಟ್ಟಿಕೊಂಡು ಹೋಗುತ್ತದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಆಳದಲ್ಲಿ ಕಲ್ಲು ಇರುವೆಡೆ ಮುರು ಸಿಗುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಬಹಳ ಆಳದಿಂದ ಸರ್ರನೆ ಎಳೆದ ಮುರುವಿನ ಒಳಗಿನ ಗಾಳಿಚೀಲ ಉಬ್ಬಿ, ಜಠರವೇ ಬಾಯಿಂದ ಹೊರಬರುತ್ತದೆ, ಕಣ್ಣು ಹೊರಚಾಚುತ್ತದೆ. ಅಂಥದ್ದನ್ನು ನೀರಿಗೆ ಬಿಟ್ಟರೂ ಕೆಳಗಿಳಿಯಲಾರದೆ ತೇಲಿ ಸಾಯುತ್ತದೆ. ಆದ್ದರಿಂದ ಆಳದಲ್ಲಿ ಬರೀ ಆಟಕ್ಕಾಗಿ ಹಿಡಿದು ಬಿಡುವ ಪರಿಪಾಠ ಬೇಡ. ಊಟಕ್ಕೆ ಬೇಕಾದ್ದು ಸಿಕ್ಕಿದೊಡನೆ ನಿಲ್ಲಿಸಿ. ಮುರುಡೇಶ್ವರದ ಎದುರು ಸುಮಾರು 19 ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಹವಳ ಬೆಳೆಯುವುದು ವರ್ಷಕ್ಕೆ ಬೆರಳೆಣಿಕೆಯ ಮಿಲಿಮೀಟರು, ಸೆಂಟಿಮೀಟರು ಲೆಕ್ಕದಲ್ಲಿ. ಒಂದು ಲಂಗರು ಬಿದ್ದರೆ ಎಷ್ಟೋ ವರ್ಷಗಳ ಬೆಳವಣಿಗೆ ಪುಡಿಯಾಗುತ್ತದೆ. ಹವಳದ ಮೇಲೆ ಲಂಗರು ಬೇಡ, ಗಾಳವೂ ಬೇಡ. ಅಲ್ಲಿ ನೋಡಿ ಬರುವುದೇ ಚೆಂದ. ಕಡಲಿಗೆ ಹೊರಡುವಾಗ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ದಡದಲ್ಲಿರುವವರಿಗೆ ಹೇಳಿ ಹೋಗಿ. ಕಡಲಿನಲ್ಲಿ ಆಪತ್ತು ಬಂದರೆ ಕರಾವಳಿ ರಕ್ಷಣಾ ಪಡೆಯ ದೂರವಾಣಿ 1554. ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ಹವ್ಯಾಸಿಗಳು ಕಡಲಿಗೆ ಸಲ್ಲಿಸಬೇಕಾದ ಮರ್ಯಾದೆಯ ಮಾತು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕಡಲಿನಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅದು ಹಲವು ಮೀನುಗಳು ಮೊಟ್ಟೆ ಇಡುವ ಕಾಲ. ಹೊಟ್ಟೆಪಾಡಿಗೆ ಕಡಲನ್ನೇ ನಂಬಿದವರು ಎರಡು ತಿಂಗಳು ದೋಣಿ ಕಟ್ಟಿ ಕೂರುತ್ತಾರೆ. ಶ್ರಾವಣದ ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಕೈಮುಗಿದು ಆಮೇಲೆ ಇಳಿಯುತ್ತಾರೆ. ಸಂತೋಷಕ್ಕಾಗಿ ಗಾಳ ಹಾಕುವ ನಾವು ಆ ಎರಡು ತಿಂಗಳು ನಮ್ಮ ಗಾಳಗಳನ್ನೂ ಅಟ್ಟದ ಮೇಲೆ ಇಡುವುದು ನ್ಯಾಯ. ಹಿಡಿದ ಮೀನನ್ನು ಮಾರಬೇಡಿ. ಅದು ಇನ್ನೊಬ್ಬರ ಅನ್ನ. ಅವರು ಬಲೆ ಬಿಟ್ಟ ಜಾಗದಲ್ಲಿ ಗಾಳ ಎಸೆಯಬೇಡಿ. ಮರುವಾಯಿ ಹೆಕ್ಕುವ ಹೆಂಗಸರು ಇಳಿತದ ಹೊತ್ತಿನಲ್ಲಿ ಸೊಂಟದ ನೀರಿನಲ್ಲಿ ನಿಂತಿರುತ್ತಾರೆ, ಅವರ ಕಡೆಗೆ ಗಾಳ ಬೀಸಬೇಡಿ.

ತುಂಡಾದ ತಂಗೂಸನ್ನು ಒಂದು ಮೊಳವೂ ಬಿಡದೆ ಸುತ್ತಿ ಮನೆಗೆ ತನ್ನಿ. ನೈಲಾನ್ ಕೊಳೆಯುವುದಿಲ್ಲ, ನೂರಾರು ವರ್ಷ ನೀರಿನಲ್ಲೇ ಇರುತ್ತದೆ. ಚಳಿಗಾಲದಲ್ಲಿ ನಮ್ಮ ದಂಡೆಗಳಿಗೆ ಮೊಟ್ಟೆ ಇಡಲು ಬರುವ ಕಡಲಾಮೆಗಳ ಕೊರಳಿಗೂ ಈಜುಕಾಲಿಗೂ ಅದೇ ಉರುಳು. ಸೀಸದ ಗುಂಡೂ ಹಾಗೆಯೇ ನೀರಿಗೆ ವಿಷ. ಬ್ರಿಟನ್ನಿನಲ್ಲಿ ಗಾಳದ ಸೀಸ ನುಂಗಿ ಹಂಸಗಳು ಸಾಯತೊಡಗಿದಾಗ 1987ರಲ್ಲಿ ಸಣ್ಣ ಸೀಸದ ಗುಂಡುಗಳ ಮಾರಾಟವನ್ನೇ ನಿಷೇಧಿಸಿದರು. ನಾವು ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಕಬ್ಬಿಣದ ನಟ್ಟು ಕಟ್ಟಿದರೂ ಗಾಳ ಮುಳುಗುತ್ತದೆ.

ಕೇಳುಗರೇ, ಹತ್ತು ವರ್ಷ ಹೀಗೆ ಮಕ್ಕಳೊಂದಿಗೆ ಉಪ್ಪುನೀರಿನ ಬದಿಗೆ ಹೋದ ಕುಟುಂಬಕ್ಕೆ ತನ್ನ ಅಳಿವೆಯಲ್ಲಿ ಏನಿದೆ ಎಂಬುದು ತಿಳಿದಿರುತ್ತದೆ. ಅಲ್ಲಿ ಕಾಂಡ್ಲಾ ಕಡಿದರೆ, ಹೊಳೆಗೆ ಕೊಳಚೆ ಬಿಟ್ಟರೆ, ಮಿತಿಮೀರಿ ಮರಳು ತೆಗೆದರೆ ಮೊದಲು ದನಿ ಎತ್ತುವವರು ಅವರೇ ಆಗಿರುತ್ತಾರೆ. ಭಾಷಣ ಕೇಳಿ ಬರದ ಕಾಳಜಿ ಕೈಯಲ್ಲಿ ಒಂದು ಕಾಣೆ ಹಿಡಿದಾಗ ಬರುತ್ತದೆ ಎಂಬುದು ನನ್ನ ದೃಢ ನಂಬಿಕೆ. ಈ ರಜೆಯಲ್ಲಿ ಒಂದು ಬೆಳಗನ್ನು ಅದಕ್ಕಾಗಿ ಮೀಸಲಿಡಿ. ತಿಥಿ ನೋಡಿ, ಹವಾಮಾನ ಕೇಳಿ, ಊರಿನ ಮೀನುಗಾರರ ಸಲಹೆ ಪಡೆದು ಹೊರಡಿ. ರಾತ್ರಿಯ ಸಾರಿಗೆ ಎಷ್ಟು ಬೇಕೋ ಅಷ್ಟೇ ತನ್ನಿ. ಉಳಿದದ್ದನ್ನು ಮಕ್ಕಳ ಕೈಯಿಂದಲೇ ನೀರಿಗೆ ಬಿಡಿಸಿ.